ಉಸಿರಿನ ರೋಗಗಳೂ ಲಸಿಕೆಯ ಫಲವೂ



ಈ ಹೊತ್ತಿನ ನಮ್ಮ ಭಾಷಣದ ವಿಷಯವು ಲಸಿಕೆ. ಇದನ್ನು ಕೇಳಿದೊಡನೆ, ವೈದ್ಯರು ಹೇಳತಕ್ಕ ಮಾತನ್ನು ಕಾಲೇಜಿನ ಉಪನ್ಯಾಸಕರು ಹೇಳಹೊರಟಿರುವರಲ್ಲಾ ಎಂದು ನಿಮ್ಮಲ್ಲಿ ಕೆಲವರಿಗಾದರೂ ತೋರಬಹುದು. ಆಕ್ಷೇಪಣೆಯು ನ್ಯಾಯವಾದುದೇ. ನಾವು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ಜೀವಿಸತಕ್ಕವರು. ಔಷಧ ಕೊಡುವ ಅಧಿಕಾರ ನಮಗಿಲ್ಲ. ಆದರೆ ಚಿಕ್ಕೋಡಿಯಂತಹ ಊರಿನಲ್ಲಿ ನಾಲ್ಕು ಅಕ್ಷರ ಇಂಗ್ಲಿಷ್ ಕಲಿತವನು, ಅರ್ಜಿ ಬರೆಯುವುದರಿಂದ ಮೊದಲುಗೊಂಡು ಔಷಧದ ಚೀಟಿ ಓದುವುದರವರೆಗೆ ಎಲ್ಲಕ್ಕೂ ನೆರೆಹೊರೆಯವರ ಸಲಹೆಗಾರನಾಗಿಬಿಡುತ್ತಾನೆ. ಹಾಗೆ ನಾವು ಕೊಟ್ಟ ಸಲಹೆಯೊಂದು ತಪ್ಪಾಯಿತು. ಆ ತಪ್ಪಿನ ಬೇರನ್ನು ಹುಡುಕುತ್ತ ನಾವು ಓದಿದುದನ್ನೂ ಬಲ್ಲವರಿಂದ ಕೇಳಿದುದನ್ನೂ ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

೨೦೨೧ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ದಿನಗಳು. ಕೋವಿಡ್ ರೋಗದ ಎರಡನೆಯ ಅಲೆಯು ಮಹಾರಾಷ್ಟ್ರವನ್ನು ಹಾಯ್ದು ನಮ್ಮ ಗಡಿಗೆ ತಾಗಿತ್ತು. ನಿಪ್ಪಾಣಿಯ ಬಳಿಯ ಕೊಗನೊಳ್ಳಿಯಲ್ಲಿಯೂ ಕಾಗವಾಡದಲ್ಲಿಯೂ ವಾಹನಗಳನ್ನು ತಡೆದು ಪ್ರಯಾಣಿಕರ ಪರೀಕ್ಷಾಪತ್ರಗಳನ್ನು ನೋಡುತ್ತಿದ್ದ ಕಾಲವದು. ನಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತು, “ಸರ, ಒಂದು ಸೂಜಿ ಆಗೇತಿ. ಇನ್ನ ಮೊಮ್ಮಗಳ ಮದಿವಿಗೆ ಹೋಗಬಹುದಲ್ಲರಿ?” ಎಂದು ಕೇಳಿದರು. ಅವರು ಲಸಿಕೆ ಹಾಕಿಸಿಕೊಂಡು ಎಂಟೊಂಬತ್ತು ದಿನಗಳಾಗಿದ್ದುವು. “ಹೋಗಿಬರ್ರಿ ಅಜ್ಜಾರ, ಇನ್ನೇನ ಹೆದರಿಕಿ ಇಲ್ಲ” ಎಂದೆವು ನಾವು. ಅಜ್ಜನವರು ರಾಯಬಾಗದ ಕಡೆಯ ಹಳ್ಳಿಗೆ ಹೋದರು, ಮದುವೆಯಲ್ಲಿ ಉಂಡರು, ಮರಳಿದ ನಾಲ್ಕನೆಯ ದಿನ ಜ್ವರದಿಂದ ಮಲಗಿದರು. ಮಕ್ಕಳು ಮಿರಜಕ್ಕೆ ಕರೆದೊಯ್ದರು. ಅವರು ಮತ್ತೆ ಓಣಿಗೆ ಬರಲಿಲ್ಲ.

ದುಃಖವು ಇಷ್ಟಕ್ಕೇ ಮುಗಿಯಲಿಲ್ಲ. ಅವರ ಹಿರಿಯ ಮಗನು, “ಸೂಜಿ ಹಾಕಿಸಿಕೊಂಡರೂ ಅಪ್ಪ ಹೋದರು, ಇನ್ನು ನಮ್ಮ ಮನೆಯಲ್ಲಿ ಯಾರಿಗೂ ಅದು ಬೇಡ” ಎಂದು ನಿರ್ಧರಿಸಿಬಿಟ್ಟನು. ಮನೆಯಲ್ಲಿ ಅವನ ತಾಯಿ ಇದ್ದರು. ಅರವತ್ತೆಂಟರ ವಯಸ್ಸು, ಸಕ್ಕರೆ ಕಾಯಿಲೆ. ಅವನ ಮಾತಿಗೆ ಉತ್ತರ ಕೊಡಲು ನಮಗೆ ಆ ದಿನ ತಿಳಿಯಲಿಲ್ಲ. ಲಸಿಕೆಯು ಕೆಲವರಲ್ಲಿ ಫಲಿಸುವುದೇಕೆ, ಕೆಲವರಲ್ಲಿ ಫಲಿಸದಿರುವುದೇಕೆ, ಒಂದು ಲಸಿಕೆಯು ಜನ್ಮವೆಲ್ಲ ಕಾಯುವಾಗ ಮತ್ತೊಂದು ಆರು ತಿಂಗಳಲ್ಲಿ ಸೊರಗುವುದೇಕೆ, ಎಂಬ ಪ್ರಶ್ನೆಗಳನ್ನು ನಾವು ಅಂದಿನವರೆಗೆ ನಮಗೇ ಕೇಳಿಕೊಂಡಿರಲಿಲ್ಲ.

ನಮ್ಮ ಕಡೆಯ ರೈತನಿಗೆ ಈ ವಿಷಯವು ಒಂದು ಮಾತಿನಲ್ಲಿ ತಿಳಿಯತಕ್ಕದ್ದು. ಬೀಜವು ಒಳ್ಳೆಯದಾದ ಮಾತ್ರಕ್ಕೆ ಬೆಳೆ ಬರುವುದೆಂದು ಯಾವ ರೈತನೂ ಹೇಳುವುದಿಲ್ಲ. ಬೀಜ ಗಟ್ಟಿಯಾಗಿರಬೇಕು, ನೆಲ ತಕ್ಕುದಾಗಿರಬೇಕು, ಹದ ನೋಡಿ ಬಿತ್ತಬೇಕು, ಕೀಟವು ಯಾವುದೆಂದು ಅರಿತಿರಬೇಕು, ಸುತ್ತ ಬೇಲಿ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ರಾಶಿ ಕಡಿಮೆಯಾಗುತ್ತದೆ. ಹಾಗೆಂದು ಬಿತ್ತುವುದನ್ನೇ ಬಿಡುವವರುಂಟೇ? ಲಸಿಕೆಯ ಮಾತೂ ಹೀಗೆಯೇ. ಒಂದೊಂದನ್ನಾಗಿ ನೋಡೋಣ.

ಮೊದಲು ಬೀಜದ ವಿಚಾರ. ಬೆಳಗಾವಿಯ ತಿಲಕವಾಡಿಯಲ್ಲಿ ಜನರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದು ಕರೆಯುವ ವಿಶಾಲವಾದ ಬಯಲೊಂದಿದೆ. ಈಚಿನವರು ಅದನ್ನು ಸಭೆ ಪ್ರದರ್ಶನಗಳ ಸ್ಥಳವೆಂದೇ ಬಲ್ಲರು. ಆದರೆ ಹಿಂದೆ ಅಲ್ಲಿದ್ದ ಲಸಿಕಾಸಂಸ್ಥೆಯು ಸಿಡುಬಿಗೆ ವಿರೋಧವಾದ ಲಸಿಕೆಯನ್ನು ತಯಾರಿಸುತ್ತಿತ್ತು. ಸಿಡುಬನ್ನು ನಾವು ಚರ್ಮದ ರೋಗವೆಂದು ಎಣಿಸುತ್ತೇವೆ. ಆದರೆ ಅದರ ವಿಷಾಣುವು ಒಬ್ಬರಿಂದೊಬ್ಬರಿಗೆ ಹಬ್ಬುತ್ತಿದ್ದುದು ಮುಖ್ಯವಾಗಿ ಉಸಿರಿನ ಮಾರ್ಗದಿಂದಲೇ. ಪ್ರಾಣಿಗಳ ಚರ್ಮದ ಮೇಲೆ ಬೆಳೆಸಿ ತೆಗೆದ ಹಸಿ ಲಸಿಕೆಯು ನಮ್ಮ ಬೇಸಿಗೆಯ ಬಿಸಿಗೆ ಕೆಲವೇ ದಿನಗಳಲ್ಲಿ ಸತ್ತ್ವಹೀನವಾಗುತ್ತಿತ್ತು. ದೇವಿ ಹಾಕುವವರು ಊರೂರು ತಿರುಗಿ ತೋಳಿಗೆ ಗೀರು ಹಾಕಿದರೂ ಎಷ್ಟೋ ಸಲ ಗುಳ್ಳೆ ಏಳುತ್ತಿರಲಿಲ್ಲ. ಗುಳ್ಳೆ ಏಳಲಿಲ್ಲವೆಂದರೆ ಬೀಜ ಮೊಳೆಯಲಿಲ್ಲವೆಂದೇ ಅರ್ಥ. ಮುಂದೆ ಲಸಿಕೆಯನ್ನು ಶೀತದಲ್ಲಿ ಒಣಗಿಸಿ ಪುಡಿಮಾಡುವ ಉಪಾಯವು ಕೈಗೂಡಿತು. ಆ ಒಣಲಸಿಕೆಯು ೩೭ ಡಿಗ್ರಿಯ ಬಿಸಿಯಲ್ಲಿಯೂ ಒಂದು ತಿಂಗಳು ಕೆಡದೆ ಉಳಿಯುತ್ತಿತ್ತು. ಭಾರತದಲ್ಲಿ ಅದನ್ನು ತಯಾರಿಸಿದ ನಾಲ್ಕು ಸ್ಥಳಗಳಲ್ಲಿ ಬೆಳಗಾವಿಯೂ ಒಂದು. ೧೯೭೫ರಲ್ಲಿ ನಮ್ಮ ದೇಶದಿಂದ ಸಿಡುಬು ತೊಲಗಿತು. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭೂಮಂಡಲದಿಂದಲೇ ಅದು ಅಳಿದುದನ್ನು ಸಾರಿತು. ಲಸಿಕೆಯ ಮೂಲತತ್ತ್ವವು ೧೭೯೮ರಲ್ಲಿ ಜೆನ್ನರ್ ಮಹಾಶಯನು ಪ್ರಕಟಿಸಿದುದೇ ಆಗಿತ್ತು. ಬಿಸಿಗೆ ಬಾಡದ ಹಾಗೆ ಅದನ್ನು ಹಳ್ಳಿಯವರೆಗೆ ಮುಟ್ಟಿಸಿದುದೇ ಹೊಸತು.

ಈ ಪಾಠವು ಇಂದಿಗೂ ಹಳತಾಗಿಲ್ಲ. ಈಗಿನ ಬಹುತೇಕ ಲಸಿಕೆಗಳನ್ನು ೨ರಿಂದ ೮ ಡಿಗ್ರಿಯ ಶೀತದಲ್ಲಿ ಇಡಬೇಕು. ಏಪ್ರಿಲ್ ತಿಂಗಳಲ್ಲಿ ಅಥಣಿಯ ಬಿಸಿಲು ೪೦ ಡಿಗ್ರಿಗೆ ಸಮೀಪಿಸುತ್ತದೆ. ಆರೋಗ್ಯ ಕೇಂದ್ರದ ಶೀತಪೆಟ್ಟಿಗೆಯಿಂದ ಹೊರಟ ಲಸಿಕೆಯು ತೋಟದ ವಸತಿಯೊಂದನ್ನು ಮುಟ್ಟುವವರೆಗೆ, ಆರೋಗ್ಯ ಸಹಾಯಕಿಯ ಹೆಗಲಿನ ಪೆಟ್ಟಿಗೆಯಲ್ಲಿಯ ಮಂಜುಗಡ್ಡೆಯೇ ಅದರ ಪ್ರಾಣ. ಬಿಸಿಯೊಂದೇ ಶತ್ರುವೆಂದು ತಿಳಿಯುವುದೂ ಸರಿಯಲ್ಲ. ಕೋವ್ಯಾಕ್ಸಿನ್ ಮೊದಲಾದ ಕೆಲವು ಲಸಿಕೆಗಳಲ್ಲಿ ಶಕ್ತಿವರ್ಧನೆಗಾಗಿ ಅಲ್ಯುಮಿನಿಯಂ ಲವಣವನ್ನು ಸೇರಿಸಿರುತ್ತಾರೆ. ಇಂತಹವು ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತವೆ. ಮತ್ತೆ ಕರಗಿಸಿದರೂ ಪ್ರಯೋಜನವಿಲ್ಲ. ದಡಾರದ ಲಸಿಕೆಯ ಪುಡಿಗೆ ಒಮ್ಮೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಗಳೊಳಗಾಗಿ ಉಪಯೋಗಿಸಬೇಕು, ಉಳಿದುದನ್ನು ಚೆಲ್ಲಬೇಕು. “ಸೀಸೆಯಲ್ಲಿ ಇನ್ನೂ ಇದೆಯಲ್ಲ, ನಮ್ಮ ಮಗುವಿಗೆ ಹಾಕಿ” ಎಂದು ಸಂಜೆಗೆ ಒತ್ತಾಯಿಸುವ ತಂದೆತಾಯಿಗಳು ಇದನ್ನು ನೆನಪಿಡಬೇಕು. ಹಾಕದೆ ಕಳಿಸಿದ ಸಹಾಯಕಿಯು ಜಿಪುಣೆಯಲ್ಲ, ಬುದ್ಧಿವಂತೆ.

ಬೀಜದ ಆಕಾರವೂ ಮುಖ್ಯ. ಚಿಕ್ಕ ಮಕ್ಕಳ ಶ್ವಾಸಕೋಶವನ್ನು ಹಿಡಿಯುವ ಆರ್‌ಎಸ್‌ವಿ ಎಂಬ ವಿಷಾಣುವಿದೆ. ೧೯೬೦ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಫಾರ್ಮಲಿನ್ನಿನಿಂದ ಕೊಂದು ಲಸಿಕೆ ಮಾಡಿದರು. ಆ ಲಸಿಕೆ ಪಡೆದ ಶಿಶುಗಳು ಕಾಪಾಡಲ್ಪಡುವುದಕ್ಕೆ ಬದಲಾಗಿ ಹೆಚ್ಚು ತೀವ್ರವಾಗಿ ಕಾಯಿಲೆ ಬಿದ್ದುವು. ಎರಡು ಕೂಸುಗಳು ತೀರಿಕೊಂಡುವು. ವಿಷಾಣುವಿನ ಮೈಮೇಲಣ ಸಸಾರಜನಕವು ನಮ್ಮ ಜೀವಕೋಶವನ್ನು ಹೊಗುವ ಮೊದಲು ಒಂದು ರೂಪದಲ್ಲಿರುತ್ತದೆ, ಹೊಕ್ಕ ಮೇಲೆ ಮತ್ತೊಂದು ರೂಪ ತಾಳುತ್ತದೆ. ಶರೀರಕ್ಕೆ ತೋರಿಸಬೇಕಾದುದು ಮೊದಲಿನ ರೂಪವನ್ನು ಎಂಬುದು ಅರ್ಧ ಶತಮಾನದ ಸಂಶೋಧನೆಯಿಂದ ತಿಳಿಯಿತು. ಆ ರೂಪವನ್ನು ಹಿಡಿದು ನಿಲ್ಲಿಸಿ ಮಾಡಿದ ಲಸಿಕೆಗಳಿಗೆ ೨೦೨೩ರಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಅನುಮತಿ ದೊರೆಯಿತು. ಕಳ್ಳನ ವೇಷವನ್ನು ತೋರಿಸಿ ಕಾವಲುಗಾರನನ್ನು ಸಿದ್ಧಪಡಿಸಬೇಕಾದರೆ, ಅವನು ಬಾಗಿಲು ಮುರಿಯುವ ಮುಂಚಿನ ವೇಷವನ್ನೇ ತೋರಿಸಬೇಕಲ್ಲವೇ?

ಇನ್ನು ಕೀಟದ ವಿಚಾರ, ಎಂದರೆ ವಿಷಾಣುವಿನದು. ೧೯೧೮ರಲ್ಲಿ ಮುಂಬಯಿಯ ಬಂದರಿನಿಂದ ಹಬ್ಬಿ ಭಾರತದಲ್ಲಿ ಕೋಟಿಗಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇನ್‌ಫ್ಲುಯೆಂಜಾ ಜ್ವರದ ಹೆಸರನ್ನು ನೀವು ಕೇಳಿರಬಹುದು. ಮರಾಠಿ ಮಾತನಾಡುವ ನೆರೆಯವರು ಅದನ್ನು ‘ಮಾನಮೋಡಿ’, ಕತ್ತು ಮುರಿಯುವುದು, ಎಂದು ಕರೆದರು. ಆ ಕಾಲದ ವೈದ್ಯರು ಸುಮ್ಮನೆ ಕೂಡಲಿಲ್ಲ. ಅನೇಕ ದೇಶಗಳಲ್ಲಿ ಲಸಿಕೆಗಳನ್ನು ಮಾಡಿದರು. ಆದರೆ ರೋಗಕ್ಕೆ ಕಾರಣವು ಬ್ಯಾಕ್ಟೀರಿಯವೊಂದೆಂದು ಬಹುಜನ ತಜ್ಞರು ನಂಬಿದ್ದರಿಂದ ಅದಕ್ಕೆ ವಿರೋಧವಾಗಿ ಲಸಿಕೆ ಮಾಡಿದ್ದರು. ನಿಜವಾದ ವಿಷಾಣುವನ್ನು ಮನುಷ್ಯರಿಂದ ಬೇರ್ಪಡಿಸಿ ತೋರಿಸಿದುದು ೧೯೩೩ರಲ್ಲಿ. ಶತ್ರುವನ್ನೇ ಅರಿಯದೆ ಕಟ್ಟಿದ ಕೋಟೆ ಯಾರನ್ನು ತಡೆದೀತು?

ಶತ್ರುವನ್ನು ಅರಿತ ಮೇಲೂ ತೊಡಕು ತೀರಲಿಲ್ಲ. ಏಕೆಂದರೆ ಈ ಶತ್ರು ಬಹುರೂಪಿ. ಅಮೆರಿಕದಲ್ಲಿ ೧೯೪೫ರಲ್ಲಿ ಜನೋಪಯೋಗಕ್ಕೆ ಬಂದ ಇನ್‌ಫ್ಲುಯೆಂಜಾ ಲಸಿಕೆಯು ಕೇವಲ ಎರಡು ವರ್ಷಗಳ ತರುವಾಯ, ೧೯೪೭ರ ಜ್ವರದ ಮುಂದೆ ನಿಷ್ಫಲವಾಯಿತು. ಲಸಿಕೆ ಕೆಟ್ಟಿರಲಿಲ್ಲ, ವಿಷಾಣುವೇ ವೇಷ ಬದಲಿಸಿತ್ತು. ಆ ಅನುಭವದ ಫಲವಾಗಿ ೧೯೫೨ರಿಂದ ವಿಶ್ವ ಆರೋಗ್ಯ ಸಂಸ್ಥೆಯು ದೇಶದೇಶಗಳ ಪ್ರಯೋಗಶಾಲೆಗಳನ್ನು ಒಂದು ಜಾಲವಾಗಿ ಹೆಣೆದು ಈ ವಿಷಾಣುವನ್ನು ಕಾವಲು ಕಾಯುತ್ತಿದೆ. ವರ್ಷಕ್ಕೆ ಎರಡು ಸಲ, ಉತ್ತರ ಗೋಲಾರ್ಧಕ್ಕೆ ಫೆಬ್ರವರಿಯಲ್ಲಿಯೂ ದಕ್ಷಿಣ ಗೋಲಾರ್ಧಕ್ಕೆ ಸೆಪ್ಟೆಂಬರಿನಲ್ಲಿಯೂ, ಮುಂದಿನ ಲಸಿಕೆಯಲ್ಲಿ ಯಾವ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ತಳಿಯು ಸರಿಯಾಗಿ ಹೊಂದಿದ ವರ್ಷ ಈ ಲಸಿಕೆಯ ಫಲವು ಶೇಕಡಾ ೪೦ರಿಂದ ೬೦ರವರೆಗೆ ಇರುತ್ತದೆ. ಹೊಂದದೆ ಹೋದ ೨೦೧೪-೧೫ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದು ಶೇಕಡಾ ೧೯ಕ್ಕೆ ಇಳಿದಿತ್ತು. ಇದಕ್ಕೆ ವಿರುದ್ಧವಾಗಿ ದಡಾರದ ವಿಷಾಣುವು, ಅದೂ ಉಸಿರಿನಿಂದಲೇ ಹಬ್ಬತಕ್ಕದ್ದಾದರೂ, ತನ್ನ ಮುಖ್ಯ ಚಹರೆಯನ್ನು ಬದಲಿಸುವುದಿಲ್ಲ. ಆದುದರಿಂದಲೇ ಹಲವು ದಶಕಗಳ ಹಿಂದಿನ ತಳಿಯಿಂದ ಮಾಡಿದ ಲಸಿಕೆಯು ಇಂದಿನ ಕೂಸನ್ನೂ ಕಾಯುತ್ತದೆ.

ಕೋವಿಡ್ಡಿನ ವಿಷಾಣುವು ಈ ಎರಡರ ಪೈಕಿ ಬಹುರೂಪಿಯ ಕಡೆಗೆ ಸೇರಿದುದು. ಕೋವ್ಯಾಕ್ಸಿನ್ ಲಸಿಕೆಗೆ ಬೇಕಾದ ವಿಷಾಣುವನ್ನು ಬೇರ್ಪಡಿಸಿ ಕೊಟ್ಟುದು ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆ. ತಯಾರಿಸಿದುದು ಹೈದರಾಬಾದಿನ ಭಾರತ್ ಬಯೊಟೆಕ್. ೨೦೨೦ರಲ್ಲಿ ಮನುಷ್ಯರ ಮೇಲಣ ಮೊದಲ ಪರೀಕ್ಷೆಗಳಿಗಾಗಿ ಆರಿಸಿದ ಹನ್ನೆರಡು ಸ್ಥಳಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದು. ೨೫ ಸಾವಿರಕ್ಕಿಂತ ಹೆಚ್ಚು ಜನರು ಸೇರಿದ ಮೂರನೆಯ ಹಂತದ ಪರೀಕ್ಷೆಯಲ್ಲಿ ಇದರ ಫಲವು ಶೇಕಡಾ ೭೭.೮ ಎಂದು ಕಂಡಿತು. ಆದರೆ ಡೆಲ್ಟಾ ಎಂಬ ರೂಪಾಂತರವನ್ನು ಪ್ರತ್ಯೇಕಿಸಿ ಎಣಿಸಿದಾಗ ಅದು ಶೇಕಡಾ ೬೫.೨ ಮಾತ್ರ. ಲಸಿಕೆ ಅದೇ, ಶರೀರಗಳು ಅಂತಹವೇ. ವಿಷಾಣುವಿನ ವೇಷ ಮಾತ್ರ ಬೇರೆ.

ಇಲ್ಲಿ ಶೇಕಡಾ ಎಂಬ ಶಬ್ದದ ಅರ್ಥವನ್ನು ಸ್ಪಷ್ಟಪಡಿಸಬೇಕು. ಶೇಕಡಾ ೭೭.೮ ಎಂದರೆ ಲಸಿಕೆ ಪಡೆದ ನೂರರಲ್ಲಿ ಇಪ್ಪತ್ತೆರಡು ಮಂದಿ ಕಾಯಿಲೆ ಬೀಳುವರೆಂದು ಅರ್ಥವಲ್ಲ. ಲಸಿಕೆಯಿಲ್ಲದ ಗುಂಪಿನಲ್ಲಿ ನೂರು ಜನ ರೋಗಿಗಳಾಗುವಷ್ಟು ಕಾಲದಲ್ಲಿ, ಅಷ್ಟೇ ದೊಡ್ಡದಾದ ಲಸಿಕೆ ಪಡೆದ ಗುಂಪಿನಲ್ಲಿ ಸುಮಾರು ಇಪ್ಪತ್ತೆರಡು ಜನ ಮಾತ್ರ ರೋಗಿಗಳಾದರು ಎಂದರ್ಥ. ಈ ಭೇದವನ್ನು ತಿಳಿಯದೆ ಎಷ್ಟೋ ವಾದಗಳು ಚಹದ ಅಂಗಡಿಗಳಲ್ಲಿ ನಡೆದುವು.

ಮೂರನೆಯದು ನೆಲ, ಎಂದರೆ ಲಸಿಕೆಯನ್ನು ಪಡೆಯುವ ಶರೀರ. ಕೃಷ್ಣಾ ತೀರದ ಎರೆ ನೆಲದಲ್ಲಿಯೂ ದಿಬ್ಬದ ಮಸಾರಿಯಲ್ಲಿಯೂ ಒಂದೇ ಬೀಜವು ಒಂದೇ ರೀತಿ ಬೆಳೆಯಲಾರದು. ವಯಸ್ಸಾದಂತೆ ಶರೀರದ ರೋಗನಿರೋಧಕ ಶಕ್ತಿಯೂ ಮುದಿಯಾಗುತ್ತದೆ. ಹೊಸ ಶತ್ರುವನ್ನು ನೆನಪಿನಲ್ಲಿಡುವ ಸಾಮರ್ಥ್ಯ ಕುಂದುತ್ತದೆ. ಆ ಕಾರಣದಿಂದ ಕೆಲವು ದೇಶಗಳಲ್ಲಿ ಅರವತ್ತೈದು ದಾಟಿದವರಿಗೆ ಇನ್‌ಫ್ಲುಯೆಂಜಾ ಲಸಿಕೆಯ ಸಾರವನ್ನು ನಾಲ್ಕು ಪಟ್ಟು ಹೆಚ್ಚಿಸಿ ಕೊಡುತ್ತಾರೆ. ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ, ಸ್ಟೀರಾಯ್ಡ್ ಔಷಧಗಳ ದೀರ್ಘ ಸೇವನೆ, ಇವು ಸಹ ಲಸಿಕೆಗೆ ಶರೀರವು ಕೊಡತಕ್ಕ ಉತ್ತರವನ್ನು ಕುಗ್ಗಿಸುತ್ತವೆ. ವಿಚಿತ್ರವೇನೆಂದರೆ, ಯಾರಲ್ಲಿ ಲಸಿಕೆಯು ಕಡಿಮೆ ಫಲಿಸುವುದೋ ಅವರಿಗೇ ರೋಗವು ಹೆಚ್ಚು ಮಾರಕ. ಆದುದರಿಂದ ಅವರು ಲಸಿಕೆಯನ್ನು ಬಿಡುವುದು ಸಲ್ಲ. ಪೂರ್ತಿ ಪಡೆಯಬೇಕು, ಅವರ ಸುತ್ತಲಿನವರೂ ಪಡೆಯಬೇಕು.

ನಿಪ್ಪಾಣಿಯ ಹೆಸರು ಎತ್ತಿದರೆ ತಂಬಾಕಿನ ಹೆಸರು ಹಿಂದೆಯೇ ಬರುತ್ತದೆ. ಆ ಬೆಳೆಯು ಎಷ್ಟೋ ಮನೆಗಳ ಒಲೆಯನ್ನು ಉರಿಸಿದೆ; ಅದನ್ನು ನಾವು ಹಗುರಾಗಿ ಕಾಣತಕ್ಕದ್ದಲ್ಲ. ಆದರೆ ಬೀಡಿ ಸಿಗರೇಟು ಸೇದುವವರಲ್ಲಿ ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ಕಡಿಮೆಯಿರುವುದೂ ಬೇಗನೆ ಇಳಿಯುವುದೂ ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆಯೆಂಬುದನ್ನು ಹೇಳದೆ ಬಿಡುವಂತಿಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳು ಹೊಗೆ ಸೇದದಿದ್ದರೂ ದಿನವೆಲ್ಲ ಆ ಧೂಳಿನಲ್ಲಿಯೇ ಉಸಿರಾಡುತ್ತಾರೆ. ಮೊದಲೇ ದಣಿದ ಶ್ವಾಸಕೋಶಕ್ಕೆ ಹೊಸ ರೋಗವು ಹೆಚ್ಚು ಭಾರ. ಲಸಿಕೆಯ ಸಾಲಿನಲ್ಲಿ ಇವರು ಮುಂದೆ ನಿಲ್ಲಬೇಕಾದವರು. ದಿನಗೂಲಿಯನ್ನು ಬಿಟ್ಟು ಬರಲಾರದೆ ಹಿಂದೆ ಉಳಿಯುವವರೂ ಇವರೇ.

ನಾಲ್ಕನೆಯದು ಹದ, ಎಂದರೆ ಕಾಲ. ಕೂಸಿನ ವಿಷಯವನ್ನೇ ನೋಡಿರಿ. ದಡಾರವನ್ನು ನಮ್ಮ ಕಡೆಯಲ್ಲಿ ಗೊಬ್ಬರವೆನ್ನುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕೂಸನ್ನು ಕಾಯುತ್ತವೆ. ಅವೇ ಪ್ರತಿಕಾಯಗಳು ಆಗ ಕೊಟ್ಟ ಲಸಿಕೆಯನ್ನೂ ಶತ್ರುವೆಂದೆಣಿಸಿ ಅಡಗಿಸಿಬಿಡುತ್ತವೆ. ಬಹಳ ಬೇಗ ಹಾಕಿದರೆ ವ್ಯರ್ಥ, ಬಹಳ ತಡೆದರೆ ಅಪಾಯ. ಆದುದರಿಂದ ನಮ್ಮ ದೇಶದಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಮೊದಲನೆಯದನ್ನೂ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎರಡನೆಯದನ್ನೂ ಹಾಕುತ್ತಾರೆ. ಒಂಬತ್ತು ತಿಂಗಳಲ್ಲಿ ಹಾಕಿದಾಗ ನೂರು ಕೂಸುಗಳಲ್ಲಿ ಸುಮಾರು ಎಂಬತ್ತೈದಕ್ಕೆ ರಕ್ಷಣೆ ದೊರೆಯುತ್ತದೆ. ಉಳಿದ ಹದಿನೈದು ಯಾವುವೆಂದು ಮುಖ ನೋಡಿ ಹೇಳಲು ಬಾರದು. ಎರಡನೆಯ ಸಲ ಎಲ್ಲರಿಗೂ ಹಾಕುವುದು ಮುಖ್ಯವಾಗಿ ಆ ಹದಿನೈದನ್ನು ಹಿಡಿಯುವುದಕ್ಕಾಗಿ. “ಒಮ್ಮೆ ಹಾಕಿಸಿದ್ದೇವೆ, ಸಾಕು” ಎನ್ನುವ ತಾಯಿಯ ಕೂಸು ಆ ಹದಿನೈದರಲ್ಲಿ ಇಲ್ಲವೆಂದು ಹೇಳತಕ್ಕವರಾರು?

ಋತುವಿಗೂ ಲಸಿಕೆಗೂ ಸಂಬಂಧವಿದೆ. ಇಂಗ್ಲೆಂಡಿನ ಪುಸ್ತಕಗಳಲ್ಲಿ ಇನ್‌ಫ್ಲುಯೆಂಜಾವೆಂದರೆ ಚಳಿಗಾಲದ ರೋಗ. ನಮ್ಮ ದೇಶದ ಬಹುಭಾಗದಲ್ಲಿ ಅದು ಮಳೆಗಾಲದಲ್ಲಿಯೂ ಹೆಚ್ಚುತ್ತದೆ. ಈ ಲಸಿಕೆಯ ಶಕ್ತಿಯು ತಿಂಗಳು ಕಳೆದಂತೆ ಇಳಿಯತಕ್ಕದ್ದಾದ್ದರಿಂದ, ಇಂಗ್ಲೆಂಡಿನ ಪಂಚಾಂಗವನ್ನು ನೋಡಿ ಅಕ್ಟೋಬರಿನಲ್ಲಿ ಹಾಕಿಸಿಕೊಂಡವನಿಗೆ ಮುಂದಿನ ಆಷಾಢ ಶ್ರಾವಣಗಳ ಹೊತ್ತಿಗೆ ರಕ್ಷಣೆ ತೆಳುವಾಗಿರುತ್ತದೆ. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳುಗಳಲ್ಲಿ ಹಾಕಿಸುವುದು ನಮಗೆ ಹೆಚ್ಚು ಯುಕ್ತವೆಂದು ತಜ್ಞರು ಹೇಳುತ್ತಾರೆ. ಹಿರಿಯರೂ ಗರ್ಭಿಣಿಯರೂ ತಮ್ಮ ವೈದ್ಯರನ್ನು ಈ ಬಗ್ಗೆ ವಿಚಾರಿಸಬೇಕು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಇಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಪಡೆದುದೇ ಅದಕ್ಕೆ ಕವಚ.

ಒಂದು ಸಲಕ್ಕೂ ಮತ್ತೊಂದು ಸಲಕ್ಕೂ ನಡುವಣ ಅಂತರವೂ ಹದವೇ. ಪುಣೆಯ ಸೀರಮ್ ಸಂಸ್ಥೆಯು ತಯಾರಿಸಿದ ಕೋವಿಶೀಲ್ಡಿನ ಎರಡು ಡೋಸುಗಳ ಅಂತರವು ೨೦೨೧ರ ಜನವರಿಯಲ್ಲಿ ನಾಲ್ಕರಿಂದ ಆರು ವಾರಗಳಿತ್ತು. ಮಾರ್ಚಿಯಲ್ಲಿ ಆರರಿಂದ ಎಂಟಾಯಿತು. ಮೇ ೧೩ರಂದು ಹನ್ನೆರಡರಿಂದ ಹದಿನಾರಾಯಿತು. ಜನರು ಇದನ್ನು ಕಂಡು, ಲಸಿಕೆ ಸಾಲದೆ ಹೀಗೆ ಮುಂದೂಡುತ್ತಿರುವರೆಂದು ಗೊಣಗಿದರು. ಆದರೆ ಶಾಸ್ತ್ರದಲ್ಲಿ ಇದಕ್ಕೆ ಆಧಾರವಿತ್ತು. ಆಕ್ಸ್‌ಫರ್ಡಿನ ಮೂಲ ಲಸಿಕೆಯ ಪರೀಕ್ಷೆಗಳಲ್ಲಿ ಆರು ವಾರಕ್ಕಿಂತ ಕಡಿಮೆ ಅಂತರವಿದ್ದಾಗ ಫಲವು ಶೇಕಡಾ ೫೫, ಹನ್ನೆರಡು ವಾರ ಅಥವಾ ಹೆಚ್ಚಿದ್ದಾಗ ಶೇಕಡಾ ೮೧ ಎಂದು ಕಂಡಿತ್ತು. ಶರೀರವು ಮೊದಲ ಪಾಠವನ್ನು ಮನನ ಮಾಡಲು ಅವಕಾಶ ಬೇಡುತ್ತದೆ. ಇದರ ಇನ್ನೊಂದು ಮುಖವೂ ಉಂಟು. ಡೆಲ್ಟಾ ರೂಪದೆದುರು ಇದೇ ಲಸಿಕೆಯ ಒಂದು ಡೋಸಿನ ಫಲವು ಸುಮಾರು ಶೇಕಡಾ ೩೦, ಎರಡರದು ಸುಮಾರು ಶೇಕಡಾ ೬೭ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಎಣಿಸಿದರು. ಅಂತರವನ್ನು ಹೆಚ್ಚಿಸಿದರೆ ಕೊನೆಯ ರಕ್ಷಣೆ ಗಟ್ಟಿ, ಆದರೆ ನಡುವಣ ದಿನಗಳು ಬಯಲು. ಆ ಬಯಲಿನಲ್ಲಿದ್ದವನು ಮುಖವಸ್ತ್ರವನ್ನು ತೆಗೆಯಬಾರದು, ಸಂದಣಿಗೆ ಹೋಗಬಾರದು. ಮೊದಲ ಡೋಸು ತಕ್ಕಮಟ್ಟಿಗಾದರೂ ಫಲಿಸಲು ಎರಡು ಮೂರು ವಾರಗಳೇ ಬೇಕು.

ಅಜ್ಜನವರಿಗೆ ನಾವು ‘ಹೋಗಿಬರ್ರಿ’ ಎಂದುದು ಒಂಬತ್ತನೆಯ ದಿನದಂದು. ಬಿತ್ತಿದ ಒಂಬತ್ತನೆಯ ದಿನ ರಾಶಿ ಮಾಡಲು ಹೇಳಿದಂತಾಯಿತು.

ಇನ್ನು ಕೆಲವರು ಕೇಳುತ್ತಾರೆ: “ಎರಡೂ ಡೋಸು ಆದವರಿಗೂ ನೆಗಡಿ ಕೆಮ್ಮು ಜ್ವರ ಬಂದುವಲ್ಲ?” ಹೌದು, ಬಂದುವು. ಇದಕ್ಕೆ ಕಾರಣವು ಶರೀರದ ರಚನೆಯಲ್ಲಿಯೇ ಇದೆ. ತೋಳಿಗೆ ಹಾಕಿದ ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿ ಹೆಚ್ಚು, ಮೂಗು ಗಂಟಲುಗಳ ತೇವದ ಪೊರೆಯಲ್ಲಿ ಕಡಿಮೆ. ವಿಷಾಣುವು ಮೊದಲು ಇಳಿಯುವುದು ಮೂಗಿನಲ್ಲಿ. ಕೊಲ್ಲುವುದು ಶ್ವಾಸಕೋಶವನ್ನು ಮುಟ್ಟಿದ ಮೇಲೆ. ಮನೆಯ ಪಡಸಾಲೆಗೆ ಬಂದ ಕಳ್ಳನನ್ನು ತಡೆಯಲಾಗದಿದ್ದರೂ ತಿಜೋರಿಯ ಕೋಣೆಯ ಬಾಗಿಲು ಭದ್ರವಾಗಿದ್ದ ಹಾಗೆ, ಈ ಲಸಿಕೆಗಳು ನೆಗಡಿಯನ್ನು ತಡೆಯುವುದಕ್ಕಿಂತ ಮರಣವನ್ನು ತಡೆಯುವುದರಲ್ಲಿ ಹೆಚ್ಚು ಸಮರ್ಥ. ಕಾಲ ಕಳೆದಂತೆ ಮೊದಲು ಇಳಿಯುವುದು ಪಡಸಾಲೆಯ ಕಾವಲು. ಒಳಕೋಣೆಯ ಕಾವಲು ಬಹುಕಾಲ ನಿಲ್ಲುತ್ತದೆ. ಮೂಗಿನಲ್ಲಿಯೇ ಕಾವಲು ನಿಲ್ಲಿಸಬೇಕೆಂಬ ಉದ್ದೇಶದಿಂದ ಮಾಡಿದ ಇನ್‌ಕೋವ್ಯಾಕ್ ಎಂಬ ಮೂಗಿನ ಲಸಿಕೆಯನ್ನು ನಮ್ಮ ದೇಶದಲ್ಲಿ ೨೦೨೩ರ ಜನವರಿ ೨೬ರಂದು ಬಿಡುಗಡೆ ಮಾಡಿದರು. ಈ ದಿಕ್ಕಿನ ಪ್ರಯತ್ನಗಳು ಇನ್ನೂ ನಡೆದಿವೆ.

ಮತ್ತೊಂದು ಭ್ರಾಂತಿಯೂ ಉಂಟು. “ಆಸ್ಪತ್ರೆಯಲ್ಲಿದ್ದವರಲ್ಲಿ ಹೆಚ್ಚಿನವರು ಲಸಿಕೆ ಪಡೆದವರೇ; ಆದುದರಿಂದ ಲಸಿಕೆ ನಿಷ್ಪ್ರಯೋಜಕ” ಎಂಬುದು. ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಸಾವಿರ ಜನರ ಹಳ್ಳಿಯಲ್ಲಿ ಒಂಬೈನೂರು ಮಂದಿ ಲಸಿಕೆ ಪಡೆದಿದ್ದಾರೆ, ನೂರು ಮಂದಿ ಪಡೆದಿಲ್ಲ. ಪಡೆಯದ ನೂರರಲ್ಲಿ ಹತ್ತು ಜನ ಆಸ್ಪತ್ರೆಗೆ ಸೇರಿದರೆಂದಿಟ್ಟುಕೊಳ್ಳಿ. ಲಸಿಕೆಯು ಈ ಅಪಾಯವನ್ನು ಐದರಲ್ಲೊಂದು ಪಾಲಿಗೆ ಇಳಿಸಿದರೆ, ಪಡೆದವರಲ್ಲಿ ನೂರಕ್ಕೆ ಇಬ್ಬರಂತೆ ಹದಿನೆಂಟು ಜನ ಸೇರುತ್ತಾರೆ. ಹಾಸಿಗೆಗಳನ್ನು ಎಣಿಸಿದವನು ಹದಿನೆಂಟು ದೊಡ್ಡದು, ಹತ್ತು ಚಿಕ್ಕದು ಎನ್ನುತ್ತಾನೆ. ಲಸಿಕೆಯೇ ಇಲ್ಲದಿದ್ದರೆ ಆ ಹಳ್ಳಿಯಿಂದ ನೂರು ಜನ ಸೇರುತ್ತಿದ್ದರು ಎಂಬುದನ್ನು ಅವನು ಎಣಿಸುವುದಿಲ್ಲ.

ಕೊನೆಯದು ಬೇಲಿ. ಒಬ್ಬನ ಹೊಲಕ್ಕೆ ಮಾತ್ರ ಬೇಲಿ ಹಾಕಿ ಪ್ರಯೋಜನವಿಲ್ಲದ ರೋಗಗಳುಂಟು. ಯಾರಿಗೂ ರಕ್ಷಣೆಯಿಲ್ಲದ ಕಡೆಯಲ್ಲಿ ದಡಾರದ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ರೋಗ ಹಬ್ಬುತ್ತದೆ. ನೂರಕ್ಕೆ ತೊಂಬತ್ತೈದು ಮಂದಿಗೆ ರಕ್ಷಣೆಯಿದ್ದರೆ ಮಾತ್ರ ಅದು ಹಾದಿ ಕಾಣದೆ ನಿಲ್ಲುತ್ತದೆ. ೨೦೧೭ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನವು ದೇಶದಲ್ಲಿ ಮೊದಲು ಆರಂಭವಾದ ಪ್ರಾಂತಗಳಲ್ಲಿ ಕರ್ನಾಟಕವೂ ಒಂದೆಂಬುದು ನಮಗೆ ಹೆಮ್ಮೆಯ ಮಾತು. ಆದರೆ ನಮ್ಮ ಐದು ತಾಲ್ಲೂಕುಗಳ ಬೇಲಿಯಲ್ಲಿ ಪ್ರತಿವರ್ಷ ಒಂದು ಕಂಡಿ ಬೀಳುತ್ತದೆ. ಕಬ್ಬಿನ ಸುಗ್ಗಿ ಬಂದೊಡನೆ ಕಟಾವು ಮಾಡುವ ಗುಂಪುಗಳು ಮಹಾರಾಷ್ಟ್ರದಿಂದಲೂ ವಿಜಯಪುರದ ಕಡೆಯಿಂದಲೂ ಬಂದು ಉಗಾರ, ಅಥಣಿ, ರಾಯಬಾಗ, ಚಿಕ್ಕೋಡಿಗಳ ಹೊಲಗಳಲ್ಲಿ ಗುಡಿಸಲು ಹಾಕುತ್ತವೆ. ಒಂದು ಊರಿನಲ್ಲಿ ಮೊದಲ ಡೋಸು ಪಡೆದ ಕೂಸು ಎರಡನೆಯದರ ಹೊತ್ತಿಗೆ ಇನ್ನೊಂದು ರಾಜ್ಯದಲ್ಲಿರುತ್ತದೆ. ಅದರ ಹೆಸರು ಆ ಊರಿನ ಪಟ್ಟಿಯಲ್ಲಿ ಇರುತ್ತದೆ, ಕೂಸು ಇರುವುದಿಲ್ಲ. ನಮ್ಮ ಊರಿನಲ್ಲಿ ಕೂಸು ಇರುತ್ತದೆ, ಹೆಸರು ಇರುವುದಿಲ್ಲ. ಆಶಾ ಕಾರ್ಯಕರ್ತೆಯರು ಕಬ್ಬಿನ ಗಾಡಿಗಳ ನಡುವೆ ನಡೆದು ಇಂತಹ ಕೂಸುಗಳನ್ನು ಹುಡುಕುವುದನ್ನು ನಾವು ಕಂಡಿದ್ದೇವೆ. ಹೊಲದ ಯಜಮಾನರು, “ನಿಮ್ಮ ಗುಡಿಸಲಿನಲ್ಲಿ ಕೂಸು ಇದೆಯೇ, ಅದರ ಲಸಿಕೆಯ ಕಾರ್ಡು ಎಲ್ಲಿ?” ಎಂದು ಒಂದು ಮಾತು ಕೇಳಿದರೆ ಅವರ ಕೆಲಸ ಅರ್ಧ ಹಗುರಾದೀತು. ಅದು ಉಪಕಾರವಷ್ಟೇ ಅಲ್ಲ. ತಮ್ಮ ಮೊಮ್ಮಕ್ಕಳಿಗೂ ಅದೇ ಬೇಲಿ.

ಶ್ರೋತೃಗಳೇ, ಆ ಮಗನಿಗೆ ನಾವು ಉತ್ತರ ಹೇಳಲು ಮೂರು ತಿಂಗಳು ಹಿಡಿಯಿತು. ಒಂದು ಸಂಜೆ ಅವನ ಮನೆಗೆ ಹೋಗಿ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡೆವು. “ನಿಮ್ಮ ತಂದೆಯವರಿಗೆ ಲಸಿಕೆ ಮೋಸ ಮಾಡಲಿಲ್ಲಪ್ಪಾ, ಅದು ಮೊಳೆಯುವ ಮುಂಚೆಯೇ ಹೊಲದಲ್ಲಿ ದನ ಬಿಟ್ಟವರು ನಾವು” ಎಂದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಒಳಗಿನಿಂದ ಅವನ ತಾಯಿಯೇ ಬಂದು, “ಎರಡು ಸಲ ಹಾಕಿಸಿದ ಮ್ಯಾಲೂ ಎಷ್ಟು ದಿನ ಮನಿಯಾಗ ಇರಬೇಕ್ರಿ ಸರ?” ಎಂದು ಕೇಳಿದರು. ಈ ಸಲ ನಾವು ಕೂಡಲೆ ಉತ್ತರ ಹೇಳಲಿಲ್ಲ. ಮರುದಿನ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ ಬಂದು ಹೇಳಿದೆವು. ಅವರು ಎರಡೂ ಡೋಸುಗಳನ್ನು ಪಡೆದರು. ಮುಂದಿನ ವರ್ಷದ ಅಲೆಯಲ್ಲಿ ಅವರಿಗೂ ಜ್ವರ ಬಂದಿತು. ನಾಲ್ಕು ದಿನ ಮಲಗಿ ಎದ್ದರು.

ಒಬ್ಬರ ಉದಾಹರಣೆಯಿಂದ ಶಾಸ್ತ್ರವನ್ನು ಸಿದ್ಧಪಡಿಸಲಾಗದೆಂಬುದನ್ನು ನಾವು ಬಲ್ಲೆವು. ಅಜ್ಜನವರ ಮರಣದಿಂದ ಲಸಿಕೆ ಸುಳ್ಳಾಗಲಿಲ್ಲ, ಅಜ್ಜಿಯವರ ಗುಣದಿಂದ ಅದು ಪವಾಡವೂ ಆಗಲಿಲ್ಲ. ನಾವು ನಿಮ್ಮಲ್ಲಿ ಬಿನ್ನವಿಸತಕ್ಕದ್ದು ಇಷ್ಟೇ. ‘ಲಸಿಕೆ ಫಲಿಸುತ್ತದೆಯೋ ಇಲ್ಲವೋ’ ಎಂದು ಕೇಳಬೇಡಿರಿ. ಯಾವ ರೋಗಕ್ಕೆ, ಯಾರ ಶರೀರದಲ್ಲಿ, ಯಾವ ಕಾಲದಲ್ಲಿ, ಎಷ್ಟನೆಯ ಡೋಸು, ಯಾವುದನ್ನು ತಡೆಯುವುದಕ್ಕಾಗಿ, ಎಂದು ಕೇಳಿರಿ. ಹಾಗೆ ಕೇಳುವವನು ಮೋಸ ಹೋಗುವುದಿಲ್ಲ, ನಿರಾಶನೂ ಆಗುವುದಿಲ್ಲ. ಕೇಳಬೇಕಾದುದು ಬಲ್ಲ ವೈದ್ಯರನ್ನು. ಕಟ್ಟೆಯ ಮೇಲೆ ಕುಳಿತ ಉಪನ್ಯಾಸಕರನ್ನಲ್ಲ.